ಸಾಕ್ಷಿಗಳನ್ನು ಜೈಲಿಗಟ್ಟಿದವರು ಈಗ ಸಾಕ್ಷ್ಯ ಕೇಳುತ್ತಾರೆ

1922ರ ಆರಂಭದಲ್ಲಿ, ಕೆನಡಾದ ಪಶ್ಚಿಮ ಕರಾವಳಿಯ ಅಲರ್ಟ್ ಬೇ ಎಂಬ ಪುಟ್ಟ ದ್ವೀಪದೂರಿನಲ್ಲಿ ಒಂದು ಮೊಕದ್ದಮೆ ನಡೆಯಿತು. ಆರೋಪಿಗಳು 45 ಮಂದಿ. ಆರೋಪಪಟ್ಟಿ ಓದಿದರೆ ನಗು ಬರಬೇಕು, ಬರುವುದಿಲ್ಲ. ಕೆಲವರು ಭಾಷಣ ಮಾಡಿದ್ದರು. ಕೆಲವರು ಕುಣಿದಿದ್ದರು. ಕೆಲವರು ಹಂಚಬೇಕಾದ ಸಾಮಾನನ್ನು ಜೋಡಿಸಿಟ್ಟಿದ್ದರು, ಇನ್ನು ಕೆಲವರು ಅದನ್ನು ಹೊತ್ತು ತಂದು ಅತಿಥಿಗಳ ಮುಂದೆ ಇಳಿಸಿದ್ದರು. ಅಲ್ಲಿನ ಮೂಲನಿವಾಸಿಗಳ ಈ ಕೂಟಕ್ಕೆ ಪೊಟ್ಲ್ಯಾಚ್ ಎಂದು ಹೆಸರು, ಆಗಿನ ಕೆನಡಾದ ಕಾನೂನಿಗೆ ಅದು ಅಪರಾಧ. ತೀರ್ಪು ಕೊಡಲು ಕುಳಿತಿದ್ದವನು ವಿಲಿಯಂ ಹ್ಯಾಲಿಡೇ. ಆ ಸೀಮೆಯ ‘ಇಂಡಿಯನ್ ಏಜೆಂಟ್’ ಕೂಡ ಆತನೇ. ಮೂಲನಿವಾಸಿಗಳ ಮೇಲುಸ್ತುವಾರಿಗೆಂದು ಸರ್ಕಾರ ನೇಮಿಸಿದ್ದ ಅಧಿಕಾರಿಯೇ ಅವರ ನ್ಯಾಯಾಧೀಶನೂ ಆಗಿದ್ದ. ಕಾನೂನಿಗೆ ತಿದ್ದುಪಡಿ ತಂದು ಇಂಥದ್ದೊಂದು ಅನುಕೂಲವನ್ನು ಸರ್ಕಾರ 1918ರಲ್ಲೇ ಮಾಡಿಕೊಂಡಿತ್ತು.

ಇಪ್ಪತ್ತು ಮಂದಿ ಗಂಡಸರು, ಹೆಂಗಸರು ಓಕಾಲಾ ಜೈಲಿಗೆ ಹೋದರು. ಮೊದಲ ಬಾರಿಯ ತಪ್ಪಿಗೆ ಎರಡು ತಿಂಗಳು, ಎರಡನೆಯ ಬಾರಿಯದಕ್ಕೆ ಮೂರು. ಇನ್ನು 22 ಮಂದಿಯ ಶಿಕ್ಷೆಯನ್ನು ಅಮಾನತಿನಲ್ಲಿ ಇಡಲಾಯಿತು, ಒಂದು ಷರತ್ತಿನ ಮೇಲೆ: ಅವರವರ ಕುಲದವರೆಲ್ಲ ಮುಖವಾಡಗಳನ್ನು, ಗಿಲಕಿಗಳನ್ನು, ಶಿರೋಭೂಷಣಗಳನ್ನು, ತಾಮ್ರದ ತಗಡುಗಳನ್ನು ತಂದೊಪ್ಪಿಸಬೇಕು. ಒಪ್ಪಿಸಿದರೆ ಮನೆ, ಇಲ್ಲವಾದರೆ ಜೈಲು. ಸರ್ಕಾರಿ ಕಡತಗಳಲ್ಲಿ ಇದು ‘ಸ್ವಯಂಪ್ರೇರಿತ ಒಪ್ಪಿಸುವಿಕೆ’ಯ ಧಾಟಿಯಲ್ಲಿ ದಾಖಲಾಗಿದೆ.

‘ಅಪರಾಧ’ ನಡೆದದ್ದು ಅಲರ್ಟ್ ಬೇಯಲ್ಲಿ ಅಲ್ಲ. ಅಲ್ಲಿಂದ ಪೂರ್ವಕ್ಕೆ, ದ್ವೀಪಗಳ ಗೋಜಲನ್ನು ದಾಟಿ ನೈಟ್ ಇನ್ಲೆಟ್ ಎಂಬ ಉದ್ದನೆಯ ಸಮುದ್ರಕಣಿವೆಯ ಬಾಯಿಯ ಬಳಿ ಇರುವ ಮಿಮ್‌ಕ್ವಮ್‌ಲಿಸ್ ಎಂಬ ಊರಿನಲ್ಲಿ. ಮುಂದೆ ಬಂಡೆಗಳೂ ನಡುಗಡ್ಡೆಗಳೂ ಇರುವ ಊರು ಎಂದು ಅದರರ್ಥ. ನಕ್ಷೆ ಬರೆದ ಆಂಗ್ಲರಿಗೆ ಅಷ್ಟು ಹೇಳಲು ನಾಲಗೆ ಹೊರಳಲಿಲ್ಲವೇನೋ, ‘ವಿಲೇಜ್ ಐಲ್ಯಾಂಡ್’ ಎಂದು ಬರೆದು ಮುಗಿಸಿದರು. ಅದು ಮಮಲಿಲಿಕುಲ ಜನರ ಚಳಿಗಾಲದ ಊರು. ಮಮಲಿಲಿಕುಲರು ಕ್ವಕ್ವಕವಕ್ವ್ ಎಂಬ ದೊಡ್ಡ ಬಳಗದ ಒಂದು ಶಾಖೆ. ಕ್ವಕ್ವಕವಕ್ವ್ ಎಂದರೆ ಕ್ವಕ್ವಲ ನುಡಿಯವರು ಎಂದಷ್ಟೇ ಅರ್ಥ. ಅದು ಒಂದು ಬುಡಕಟ್ಟಿನ ಹೆಸರಲ್ಲ. ತಂತಮ್ಮ ಊರು, ತಂತಮ್ಮ ಮುಖ್ಯಸ್ಥರು, ತಂತಮ್ಮ ಹುಟ್ಟುಕಥೆಗಳಿರುವ ಹತ್ತಾರು ಜನಸಮುದಾಯಗಳನ್ನು ಒಂದು ಭಾಷೆ ಕಟ್ಟಿಹಾಕಿದೆ.

1921ರ ಕ್ರಿಸ್ಮಸ್ ಹೊತ್ತಿಗೆ ಅಲರ್ಟ್ ಬೇಯ ನಮ್‌ಗೀಸ್ ಜನಕ್ಕೆ ಸೇರಿದ ಡ್ಯಾನ್ ಕ್ರ್ಯಾನ್ಮರ್ ಈ ಊರಿನಲ್ಲಿ ಪೊಟ್ಲ್ಯಾಚ್ ಕೂಡಿಸಿದರು. ಅವರ ಹೆಂಡತಿಯ ಕಡೆಯವರ ಊರು ಅದು. ಚಳಿಗಾಲದ ಕಡಲು ದಾಟಿ ಏಜೆಂಟ್ ಅಲ್ಲಿಯವರೆಗೆ ಬರಲಿಕ್ಕಿಲ್ಲ ಎಂಬ ಲೆಕ್ಕಾಚಾರವೂ ಇತ್ತು. ಆರು ದಿನ ನಡೆಯಿತು. ದೋಣಿಗಳು, ಎಂಜಿನ್ ದೋಣಿಗಳು, ಹೊಲಿಗೆ ಯಂತ್ರಗಳು, ಗ್ರಾಮಫೋನ್‌ಗಳು, ಕಂಬಳಿಗಳು, ಬಿಲಿಯರ್ಡ್ಸ್ ಮೇಜುಗಳು, ಹಿಟ್ಟಿನ ಮೂಟೆಗಳ ರಾಶಿ, ಎಲ್ಲವನ್ನೂ ಹಂಚಲಾಯಿತು.

ಇದನ್ನು ದುಂದುಗಾರಿಕೆಯ ಹಬ್ಬ ಎಂದು ಬಣ್ಣಿಸುವುದು ಮಿಷನರಿಗಳ ಕಾಲದಿಂದ ಬಂದ ರೂಢಿ. ಕೂಡಿಡುವುದೇ ನಾಗರಿಕತೆ ಎಂದು ನಂಬಿದ ಆಡಳಿತಕ್ಕೆ ಕೊಟ್ಟು ದೊಡ್ಡವರಾಗುವ ಜನ ಅರ್ಥವಾಗಲಿಲ್ಲ ಎಂಬ ವಿವರಣೆಯೂ ಇದೆ. ಅದು ಸುಳ್ಳಲ್ಲ, ಸಾಲದು. ಪೊಟ್ಲ್ಯಾಚ್‌ನ ನಡುಮಧ್ಯೆ ಇರುವುದು ಊಟವೂ ಅಲ್ಲ, ಉಡುಗೊರೆಯೂ ಅಲ್ಲ, ಸಾಕ್ಷಿ. ಬರವಣಿಗೆಯಿಲ್ಲದ ಸಮಾಜವೊಂದು ತನ್ನ ಆಸ್ತಿಪಾಸ್ತಿಯನ್ನು, ಮದುವೆ–ವಾರಸಿಕೆಯನ್ನು ದಾಖಲಿಸುತ್ತಿದ್ದ ಬಗೆ ಅದು. ಇಂಥವನಿಗೆ ಈ ಹೆಸರು ಸಂದಿತು, ಆ ಹೆಸರಿನ ಜೊತೆಗೆ ಈ ಹಾಡು, ಈ ಕುಣಿತ, ಈ ಮುಖವಾಡ, ಇಂಥ ಹೊಳೆಯಲ್ಲಿ ಮೀನು ಹಿಡಿಯುವ ಹಕ್ಕು ಬಂತು ಎಂದು ದೊಡ್ಡಮನೆಯಲ್ಲಿ ಎಲ್ಲರೆದುರು ಸಾರಲಾಗುತ್ತದೆ. ಬಂದವರು ಕಂಡರು, ಕೇಳಿದರು, ಒಪ್ಪಿದರು. ಹಾಗೆ ಒಪ್ಪಿದ್ದಕ್ಕೆ ಸಲ್ಲುವ ಸಂಭಾವನೆಯೇ ಉಡುಗೊರೆ. ಪಡೆದವರು ಮುಂದೆಂದಾದರೂ ತಕರಾರು ಬಂದಾಗ ನೆನಪಿನಿಂದ ಹೇಳಬೇಕಾದವರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪೊಟ್ಲ್ಯಾಚ್ ಅವರ ಉಪನೋಂದಣಾಧಿಕಾರಿ ಕಚೇರಿ. ಮುಖವಾಡವೆಂದರೆ ಪತ್ರ, ಅತಿಥಿಗಳೆಂದರೆ ಸಹಿ.

ಹಾಗೆ ನೋಡಿದಾಗ 1922ರ ಮೊಕದ್ದಮೆಯ ಬಣ್ಣ ಬದಲಾಗುತ್ತದೆ. ಪತ್ರಗಳನ್ನು ಜಪ್ತಿ ಮಾಡಲಾಯಿತು, ಸಾಕ್ಷಿಗಳನ್ನು ಜೈಲಿಗೆ ಕಳಿಸಲಾಯಿತು.

ಪೊಟ್ಲ್ಯಾಚ್ ನಿಷೇಧದ ತಿದ್ದುಪಡಿ ‘ಇಂಡಿಯನ್ ಕಾಯ್ದೆ’ಗೆ ಸೇರಿದ್ದು 1884ರಲ್ಲಿ, ಜಾರಿಗೆ ಬಂದದ್ದು 1885ರಿಂದ. (ಕೊಲಂಬಸ್ ದಾರಿ ತಪ್ಪಿ ಹಂಚಿದ ನಮ್ಮ ಹೆಸರು ಆ ಕಾಯ್ದೆಯ ತಲೆಯ ಮೇಲೆ ಇಂದಿಗೂ ಕುಳಿತಿದೆ.) ಮೊದಲ ಮೂರು ದಶಕ ನಿಷೇಧ ಬಹುಮಟ್ಟಿಗೆ ಕಾಗದದ ಮೇಲಿತ್ತು. ಅದನ್ನು ಬಿಗಿ ಮಾಡಿದವನು 1913ರಿಂದ ಇಂಡಿಯನ್ ವ್ಯವಹಾರಗಳ ಇಲಾಖೆಯನ್ನು ನಡೆಸಿದ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್. ಆತ ಕೆನಡಾದ ಹೆಸರಾಂತ ಕವಿಯೂ ಹೌದು. ಕವಿಗಳಿಗೆ ಆಡಳಿತ ಕೊಟ್ಟರೆ ಲೋಕ ಸುಧಾರಿಸುತ್ತದೆ ಎನ್ನುವವರು ಒಮ್ಮೆ ಇವನ ಕಡತಗಳನ್ನು ಓದಬೇಕು. 1927ರಲ್ಲಿ ಅದೇ ಕಾಯ್ದೆಗೆ ಇನ್ನೊಂದು ಕಲಂ ಬಂತು: ಭೂಹಕ್ಕಿನ ದಾವೆಗಾಗಿ ಇಲಾಖೆಯ ಅನುಮತಿಯಿಲ್ಲದೆ ಯಾರೂ ಹಣ ಕೂಡಿಸುವಂತಿಲ್ಲ. ಹಕ್ಕನ್ನು ತಮ್ಮ ಪದ್ಧತಿಯಂತೆ ದಾಖಲಿಸಿದರೆ ಜೈಲು, ಸರ್ಕಾರದ ಪದ್ಧತಿಯಂತೆ ವಕೀಲನನ್ನು ಹಿಡಿಯಲು ಚಂದಾ ಎತ್ತಿದರೆ ಅದೂ ಅಪರಾಧ. ಎರಡೂ ಕಲಂಗಳು 1951ರ ಪರಿಷ್ಕರಣೆಯಲ್ಲಿ ಸದ್ದಿಲ್ಲದೆ ಬಿದ್ದುಹೋದವು. ಕ್ಷಮೆ, ವಿವರಣೆ ಯಾವುದೂ ಜೊತೆಗೆ ಬರಲಿಲ್ಲ.

ಒಪ್ಪಿಸಿದ ವಸ್ತುಗಳು 450ಕ್ಕೂ ಹೆಚ್ಚು. ಅಲರ್ಟ್ ಬೇಯ ಚರ್ಚಿನ ಸಭಾಂಗಣದಲ್ಲಿ ಬೆಂಚುಗಳ ಮೇಲೆ ಅವನ್ನು ಜೋಡಿಸಿ, ನೋಡಲು ಬಂದವರಿಂದ ಕಾಸು ತೆಗೆದುಕೊಳ್ಳಲಾಯಿತು. ಆಮೇಲೆ ಪೆಟ್ಟಿಗೆಗಳು ರಾಜಧಾನಿ ಒಟ್ಟಾವಾಗೆ ಹೊರಟವು. ಹೊರಡುವ ಮುನ್ನ ಹ್ಯಾಲಿಡೇ 35 ವಸ್ತುಗಳನ್ನು ನ್ಯೂಯಾರ್ಕಿನ ಸಂಗ್ರಾಹಕ ಜಾರ್ಜ್ ಹೈಗೆ 291 ಡಾಲರಿಗೆ ಮಾರಿದ. ಮೇಲಧಿಕಾರಿಗಳು ಸಿಟ್ಟಾದರು. ಏಜೆಂಟ್ ತಮ್ಮ ಅಪ್ಪಣೆಯಿಲ್ಲದೆ ವ್ಯಾಪಾರ ಮಾಡಿದ್ದಕ್ಕೆ ಸಿಟ್ಟು, ಬೇರೆಯವರ ಸೊತ್ತು ಮಾರಿದ್ದಕ್ಕೆ ಅಲ್ಲ. ಉಳಿದದ್ದಕ್ಕೆಲ್ಲ ಸೇರಿ ಇಲಾಖೆ ಕಳಿಸಿದ ಪರಿಹಾರ ಸುಮಾರು ಒಂದೂವರೆ ಸಾವಿರ ಡಾಲರ್. ಎಲ್ಲಕ್ಕಿಂತ ಬೆಲೆಬಾಳುವ ತಾಮ್ರದ ತಗಡುಗಳಿಗೆ ಒಂದು ಕಾಸೂ ಸಿಗಲಿಲ್ಲ. ಗುರಾಣಿಯ ಆಕಾರದ ಆ ತಗಡುಗಳಿಗೆ ಒಂದೊಂದಕ್ಕೂ ಹೆಸರಿದೆ, ಚರಿತ್ರೆಯಿದೆ. ಕೈಬದಲಾದಂತೆ ಅವುಗಳ ಬೆಲೆ ಏರುತ್ತದೆ. ಆದರೆ ಅಧಿಕಾರಿಗಳಿಗೆ ತಾಮ್ರ ಬರೀ ತಾಮ್ರ.

ಅವು ಮರಳಲು ಅರ್ಧ ಶತಮಾನ ದಾಟಿತು. ಒಟ್ಟಾವಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ 1970ರ ದಶಕದಲ್ಲಿ ಒಪ್ಪಿತು, ಇಲ್ಲೂ ಷರತ್ತು: ವಸ್ತುಗಳನ್ನು ಮನೆಮನೆಗೆ ಕೊಡುವುದಿಲ್ಲ, ಇಡಲು ವಸ್ತುಸಂಗ್ರಹಾಲಯ ಕಟ್ಟಬೇಕು. ಎಲ್ಲಿ ಕಟ್ಟುವುದೆಂಬುದರಲ್ಲಿ ಒಮ್ಮತ ಮೂಡದೆ ಕಡೆಗೆ ಎರಡು ಕಟ್ಟಿದರು. ಕ್ವಾಡ್ರಾ ದ್ವೀಪದ ಕೇಪ್ ಮಜ್‌ನಲ್ಲಿ 1979ರಲ್ಲಿ ಒಂದು, ಅಲರ್ಟ್ ಬೇಯಲ್ಲಿ 1980ರಲ್ಲಿ ಇನ್ನೊಂದು. ಎರಡನೆಯದರ ಹೆಸರು ಉಮಿಸ್ತ. ಹಿಂದಿನ ಕಾಲದಲ್ಲಿ ದಾಳಿಯಲ್ಲಿ ಸೆರೆಯಾದವರು ಒತ್ತೆಹಣದಿಂದಲೋ ಮರುದಾಳಿಯಿಂದಲೋ ಬಿಡುಗಡೆಯಾಗಿ ಊರು ಸೇರಿದರೆ ಅವರಿಗೆ ಉಮಿಸ್ತ ಒದಗಿತು ಎನ್ನುತ್ತಿದ್ದರಂತೆ. ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರು ಮಾನವಶಾಸ್ತ್ರಜ್ಞೆ ಗ್ಲೋರಿಯಾ ಕ್ರ್ಯಾನ್ಮರ್ ವೆಬ್‌ಸ್ಟರ್, ಡ್ಯಾನ್ ಕ್ರ್ಯಾನ್ಮರ್ ಅವರ ಮಗಳು. 2023ರಲ್ಲಿ ತೀರಿಕೊಂಡರು. ಮುಖವಾಡಗಳನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ, ಪೊಟ್ಲ್ಯಾಚ್‌ನಲ್ಲಿ ಅವು ಬರುವ ಕ್ರಮದಲ್ಲೇ ಬಯಲಿಗೆ ನಿಲ್ಲಿಸಿದರು. ಅಷ್ಟು ವರ್ಷ ಬೀಗದೊಳಗೆ ಇದ್ದವನ್ನು ಮತ್ತೆ ಕೂಡಿಹಾಕುವುದು ಬೇಡವೆಂದು. ಟೊರಾಂಟೊದ ಸಂಗ್ರಹಾಲಯ 1988ರಲ್ಲಿ ತನ್ನ ಪಾಲನ್ನು ಮರಳಿಸಿತು. ನ್ಯೂಯಾರ್ಕಿಗೆ ಹೋಗಿದ್ದವು 1993ರಿಂದೀಚೆಗೆ ಕಂತಿನಲ್ಲಿ ಬಂದವು. ಪ್ಯಾರಿಸ್ಸಿನ ಕವಿ ಆಂದ್ರೆ ಬ್ರೆಟನ್‌ನ ಮನೆಯಲ್ಲಿದ್ದ ಶಿರೋಭೂಷಣವೊಂದನ್ನು ಆತನ ಮಗಳೇ 2003ರಲ್ಲಿ ಮರಳಿ ಮುಟ್ಟಿಸಿದರು. ಬ್ರಿಟಿಷ್ ಮ್ಯೂಸಿಯಂ ಮಾತ್ರ ತನ್ನಲ್ಲಿದ್ದ ಮುಖವಾಡವನ್ನು 2005ರಲ್ಲಿ ‘ದೀರ್ಘಾವಧಿ ಸಾಲ’ವೆಂದು ಕೊಟ್ಟಿತು. ಕಳುವಾದ ಮಾಲನ್ನು ಮಾಲೀಕನಿಗೇ ಸಾಲ ಕೊಡುವ ಈ ಚಾತುರ್ಯ ನಮಗೇನೂ ಹೊಸದಲ್ಲ.

ಮುಖವಾಡಗಳ ಈ ಕಥೆ ಜಗತ್ತಿಗೆ ಸಾಕಷ್ಟು ಗೊತ್ತಿದೆ. ಸಂಗ್ರಹಾಲಯಗಳು ವಸ್ತು ಮರಳಿಸುವ ಚರ್ಚೆ ಎಲ್ಲಿ ನಡೆದರೂ ಇದು ಬರುತ್ತದೆ, ಮರಳಿಸಿದವರ ಬೆನ್ನು ತಟ್ಟಿ ಮುಗಿಯುತ್ತದೆ. ಆದರೆ ಮುಖವಾಡ ಮರಳುವ ಹೊತ್ತಿಗೆ ಮಿಮ್‌ಕ್ವಮ್‌ಲಿಸ್‌ನಲ್ಲಿ ಅವನ್ನು ಎದುರುಗೊಳ್ಳಲು ಯಾರೂ ಇರಲಿಲ್ಲ.

ಊರು ಒಂದೇ ದಿನ ಖಾಲಿಯಾಗಲಿಲ್ಲ. 1862ರ ಸಿಡುಬು ಇಡೀ ಕರಾವಳಿಯನ್ನು ಬಡಿಯಿತು, ಕ್ಷಯ ಅದರ ಹಿಂದೆಯೇ ಬಂತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ, ನುಡಿಯಿಂದ ಬಿಡಿಸಿ ಬೆಳೆಸಲೆಂದು ಅಲರ್ಟ್ ಬೇಯ ಸೇಂಟ್ ಮೈಕಲ್ಸ್ ವಸತಿಶಾಲೆಗೆ ಒಯ್ದರು. 1929ರಲ್ಲಿ ಕಟ್ಟಿದ ಆ ಕೆಂಪು ಇಟ್ಟಿಗೆಯ ಕಟ್ಟಡವನ್ನು 2015ರಲ್ಲಿ ಕೆಡವುವಾಗ ಬದುಕುಳಿದ ವಿದ್ಯಾರ್ಥಿಗಳು ಅದಕ್ಕೆ ಕಲ್ಲೆಸೆದರು. ಆಸ್ಪತ್ರೆ ಅಲರ್ಟ್ ಬೇಯಲ್ಲಿ, ಶಾಲೆ ಅಲ್ಲಿ, ಮೀನು ಡಬ್ಬಿ ತುಂಬುವ ಕಾರ್ಖಾನೆಯ ಕೂಲಿ ಬೇರೆಡೆ. ದೋಣಿಯಲ್ಲಷ್ಟೇ ತಲುಪಬಹುದಾದ ಸಣ್ಣ ಊರುಗಳಿಗೆ ಸವಲತ್ತು ಮುಟ್ಟಿಸುವುದಕ್ಕಿಂತ ಜನರನ್ನು ಒಂದೆಡೆ ತಂದು ಗುಡ್ಡೆಹಾಕುವುದು ಅಗ್ಗ ಎಂಬ ಧೋರಣೆ ಇಲಾಖೆಯದು. 1970ರ ದಶಕದ ಆರಂಭದ ಹೊತ್ತಿಗೆ ಕಡೆಯ ಒಲೆಯೂ ಆರಿತು. ಮಮಲಿಲಿಕುಲರ ಕಚೇರಿ ಇಂದು ಇರುವುದು ವ್ಯಾಂಕೂವರ್ ದ್ವೀಪದ ಕ್ಯಾಂಪ್‌ಬೆಲ್ ರಿವರ್ ಪಟ್ಟಣದಲ್ಲಿ.

ಅಕ್ಕಪಕ್ಕದ ಊರುಗಳಿಗೆ ಇನ್ನೂ ನೇರವಾದ ಪೆಟ್ಟು ಬಿತ್ತು. ಮುಖ್ಯಭೂಮಿಯ ಕರಾವಳಿಯ ತಕುಶ್ ಮತ್ತು ಬಾಸ್ ಎಂಬ ಎರಡು ಊರುಗಳ ಜನರನ್ನು 1964ರಲ್ಲಿ ಪೋರ್ಟ್ ಹಾರ್ಡಿ ಪಟ್ಟಣದ ಅಂಚಿಗೆ ಸಾಗಿಸಲಾಯಿತು. ಮನೆ ಕಟ್ಟಿಕೊಡುವುದಾಗಿ ಹೇಳಿದ್ದರು, ಬಂದು ನೋಡಿದರೆ ಇದ್ದದ್ದು ಬೆರಳೆಣಿಕೆಯ ಮನೆಗಳು. ಹಿಂದಿರುಗಲು ದಾರಿಯೂ ಉಳಿಯಲಿಲ್ಲ, ಹಳೆಯ ಮನೆಗಳಿಗೆ ಬೆಂಕಿಯಿಡಲಾಗಿತ್ತು.

ಇಂಥ ಊರುಗಳಿಗೆ ಇಂಗ್ಲಿಷಿನವರು ತ್ಯಜಿಸಿದ ಊರು, ದೆವ್ವದೂರು ಎಂಬ ಅರ್ಥದ ಮಾತುಗಳನ್ನು ಬಳಸುತ್ತಾರೆ. ನಮ್ಮ ಕಂದಾಯ ದಾಖಲೆಗಳಲ್ಲಿ ಇದಕ್ಕಿಂತ ಹದವಾದ ಶಬ್ದವೊಂದಿದೆ: ಬೇಚರಾಕ್ ಗ್ರಾಮ. ದೀಪವಿಲ್ಲದ್ದು ಎಂಬರ್ಥದ ಪಾರ್ಸಿ ಮಾತು ಸವೆದು ಹೀಗಾಗಿದೆ. ಜನವಸತಿ ಇಲ್ಲವೆಂದ ಮಾತ್ರಕ್ಕೆ ಬೇಚರಾಕ್ ಊರಿನ ಹೆಸರು ಅಳಿಯುವುದಿಲ್ಲ, ಎಲ್ಲೆ ಅಳಿಯುವುದಿಲ್ಲ, ಸರ್ವೆ ನಂಬರು ಅಳಿಯುವುದಿಲ್ಲ. ನೆರೆಯೂರಿನವರು ಹೊಲ ಉಳುತ್ತಾರೆ, ಹಾಳೂರ ಹನುಮಪ್ಪನಿಗೆ ವರ್ಷಕ್ಕೊಮ್ಮೆಯಾದರೂ ಎಣ್ಣೆಬತ್ತಿ ಮುಟ್ಟುತ್ತದೆ. ದೀಪ ಆರಿದೆ, ಒಡೆತನ ಆರಿಲ್ಲ. ಮಿಮ್‌ಕ್ವಮ್‌ಲಿಸ್‌ಗೆ ಸಲ್ಲಬೇಕಾದ ಮಾತು ಇದು. ತೊಲೆಗಳು ಬಿದ್ದಿವೆ, ಕೆತ್ತಿದ ಕಂಬ ಪಾಚಿಗಟ್ಟಿ ಮಣ್ಣಾಗುತ್ತಿದೆ, ಮುಳ್ಳುಪೊದೆ ಬೆಳೆದಿದೆ. ದಡದ ಮಣ್ಣು ಕೆದಕಿದರೆ ತಲೆತಲಾಂತರದವರು ಉಂಡು ಎಸೆದ ಚಿಪ್ಪುಗಳ ಬಿಳಿಯ ಪದರ. ಕಾಗದದಲ್ಲಿ ಅದು ಇಂದಿಗೂ ಮಮಲಿಲಿಕುಲರಿಗೆಂದು ಗುರುತಿಸಿದ ‘ಮೀಸಲು’ ಜಾಗ.

ಈ ಭೇದ ಶಬ್ದಕೋಶದ ವಿಷಯವಾಗಿ ಉಳಿದಿಲ್ಲ. ಈ ಊರುಗಳೆಲ್ಲ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಬಹುಪಾಲು ನೆಲಕ್ಕೆ ಮೂಲನಿವಾಸಿಗಳೊಂದಿಗೆ ಒಪ್ಪಂದವೇ ಆಗಿಲ್ಲ. ಕ್ವಕ್ವಕವಕ್ವ್ ಸೀಮೆಯಲ್ಲಿ 1851ರ ಫೋರ್ಟ್ ರೂಪರ್ಟ್ ಒಪ್ಪಂದಗಳನ್ನು ಬಿಟ್ಟರೆ ಉಳಿದದ್ದು ಕೊಟ್ಟದ್ದೂ ಅಲ್ಲ, ಗೆದ್ದದ್ದೂ ಅಲ್ಲ, ಸುಮ್ಮನೆ ತೆಗೆದುಕೊಂಡದ್ದು. ಹಾಗಾಗಿ ಹಕ್ಕು ಯಾರದೆಂಬ ಪ್ರಶ್ನೆ ಈಗ ನ್ಯಾಯಾಲಯಗಳ ಮುಂದೆ ಸಾಲುಗಟ್ಟಿದೆ. ಅಳತೆಗೋಲು ಇದು: ಬ್ರಿಟಿಷ್ ಸಾರ್ವಭೌಮತ್ವದ ವರ್ಷವೆಂದು ಒಪ್ಪಿರುವ 1846ರಲ್ಲಿ ಆ ನೆಲ ನಿಮ್ಮ ವಶದಲ್ಲಿತ್ತೇ, ಸಾಕಷ್ಟು ಬಳಕೆಯಲ್ಲಿತ್ತೇ, ಇತರರನ್ನು ಹೊರಗಿಡುವ ಶಕ್ತಿ ನಿಮಗಿತ್ತೇ? ಸಾಬೀತು ಮಾಡುವ ಹೊರೆ ಮೂಲನಿವಾಸಿಗಳದು. ಮೌಖಿಕ ಚರಿತ್ರೆಯೂ ಸಾಕ್ಷ್ಯವೇ ಎಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು 1997ರಲ್ಲಿ. ನಿರ್ದಿಷ್ಟ ನೆಲದ ಮೇಲೆ ಮೂಲನಿವಾಸಿ ಹಕ್ಕನ್ನು ಮೊದಲ ಬಾರಿಗೆ ಘೋಷಿಸಿದ್ದು 2014ರಲ್ಲಿ, ಚಿಲ್ಕೋಟಿನ್ ಜನರ ಪ್ರಕರಣದಲ್ಲಿ.

ಮೌಖಿಕ ಚರಿತ್ರೆಯನ್ನು ಒಪ್ಪಿದ್ದು ಸರಿಯೇ. ಆದರೆ ಆ ಚರಿತ್ರೆಯನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದ ವ್ಯವಸ್ಥೆಯನ್ನು 66 ವರ್ಷ ಅಪರಾಧವಾಗಿಸಿ, ಅದನ್ನು ಕಲಿಯಬೇಕಿದ್ದ ಮಕ್ಕಳ ಬಾಯಿಂದ ಭಾಷೆಯನ್ನೇ ಕಿತ್ತು, ಈಗ ಕಟಕಟೆಯಲ್ಲಿ ನಿಂತ ಮೊಮ್ಮಕ್ಕಳನ್ನು ‘ಇದು ನಿಮಗೆ ಯಾರಿಂದ ತಿಳಿಯಿತು, ಅವರಿಗೆ ಯಾರಿಂದ ತಿಳಿಯಿತು’ ಎಂದು ಕೇಳುವುದರಲ್ಲಿ ಒಂದು ಭಂಡತನವಿದೆ. ಅದನ್ನು ಯಾವ ತೀರ್ಪೂ ತೊಳೆದಿಲ್ಲ.

ಸಾಕ್ಷ್ಯದ ಈ ಅಳತೆಗೋಲು ಊರುಗಳ ಬೆಲೆಯನ್ನು ಏಕಾಏಕಿ ಏರಿಸಿದೆ. ಮನೆಯ ಕಂಬ ನಿಂತ ಕುಳಿ, ಚಿಪ್ಪಿನ ದಿಬ್ಬ, ತೊಗಟೆ ಸುಲಿದ ಗುರುತಿರುವ ಸೀಡರ್ ಮರ, ಇವೆಲ್ಲ ಈಗ ದಸ್ತಾವೇಜು. ನುಚತ್ಲಾಟ್ ಎಂಬ ನೆರೆಯ ಜನ ನೂಟ್ಕಾ ದ್ವೀಪದಲ್ಲಿ ಸುಮಾರು 201 ಚದರ ಕಿಲೋಮೀಟರ್ ಕೇಳಿದ್ದರು. 2024ರಲ್ಲಿ ವಿಚಾರಣಾ ನ್ಯಾಯಾಲಯ ಕೊಟ್ಟದ್ದು ಕರಾವಳಿಯ 11. ಊರು ಕಂಡಿತು, ಊರಿನ ಬೆನ್ನಿಗಿದ್ದ ಕಾಡು ಕಾಣಲಿಲ್ಲ. 2025ರ ಆಗಸ್ಟ್‌ನಲ್ಲಿ ಕೌಇಚನ್ ಜನರ ಹಳೆಯ ಬೇಸಿಗೆಯ ಊರೊಂದರ ಪ್ರಕರಣ ಇದಕ್ಕೆ ಪೂರಾ ತಿರುವು ಕೊಟ್ಟಿತು. ಆ ಊರಿನ ಜಾಗ ಇಂದು ವ್ಯಾಂಕೂವರ್‌ಗೆ ಅಂಟಿದ ರಿಚ್‌ಮಂಡ್ ನಗರದೊಳಗಿದೆ. ವಿಚಾರಣೆಯೇ 513 ದಿನ ನಡೆದು, ಹಕ್ಕು ಅವರದೇ ಎಂಬ ತೀರ್ಪು ಬಂದಾಗ ಖಾಸಗಿ ಮನೆಗಳ ಗತಿಯೇನು ಎಂಬ ಗದ್ದಲವೆದ್ದಿತು, ಮೇಲ್ಮನವಿಗಳು ಹೂಡಲ್ಪಟ್ಟವು. ಯಾರೂ ವಾಸವಿಲ್ಲದ ಊರು ಎಂದರೆ ಯಾರಿಗೂ ಸೇರದ ಊರು ಎಂದು ಭಾವಿಸಿದ್ದವರಿಗೆ ನಿದ್ದೆಗೆಟ್ಟಿರುವುದು ಈ ಕಾರಣಕ್ಕೆ. ಗಾಬರಿಯಾದ ಮನೆಮಾಲೀಕರ ಬಗ್ಗೆ ನನಗೆ ಕನಿಕರವಿದೆ. ಅವರಿಗೆ ದೋಷವುಳ್ಳ ಪತ್ರ ಕೊಟ್ಟದ್ದು ಸರ್ಕಾರ. ಆದರೆ ಅವರ ಸಿಟ್ಟು ಸರ್ಕಾರದ ಕಡೆಗೆ ತಿರುಗಿರುವುದು ಕಡಿಮೆ.

ಮಮಲಿಲಿಕುಲರ ಮಟ್ಟಿಗೆ ಇನ್ನೊಂದು ತೊಡಕಿದೆ. ಅವರ ಸೀಮೆಯಲ್ಲಿ ನೆಲಕ್ಕಿಂತ ನೀರೇ ಮುಖ್ಯ. ಬ್ರಾಟನ್ ದ್ವೀಪಸಮೂಹದ ತೀರಗಳಲ್ಲಿ ಇಳಿತದ ಹೊತ್ತಿಗೆ ಕಲ್ಲಿನ ತಗ್ಗುಗೋಡೆಗಳು ಕಾಣಿಸುತ್ತವೆ. ಭೂವಿಜ್ಞಾನಿಗಳು 1990ರ ದಶಕದಲ್ಲಿ ಹೆಲಿಕಾಪ್ಟರಿನಿಂದ ಇವನ್ನು ಗುರುತಿಸಿ ತಲೆಕೆಡಿಸಿಕೊಂಡರು. ಹಿರಿಯರನ್ನು ಕೇಳಿದ ಮೇಲೆ ಗೊತ್ತಾಯಿತು, ಅದಕ್ಕೆ ಲೊಕಿವೇ ಎಂಬ ಹೆಸರೇ ಇದೆ. ಗೋಡೆ ಕಟ್ಟಿದರೆ ಹಿಂದೆ ಮರಳು ನಿಂತು ದಡ ಸಮತಟ್ಟಾಗುತ್ತದೆ, ಕಪ್ಪೆಚಿಪ್ಪು ದಟ್ಟವಾಗಿ ಬೆಳೆಯುತ್ತದೆ. ಗದ್ದೆಗೆ ಬದು ಹಾಕಿದಂತೆ. ಕ್ವಾಡ್ರಾ ದ್ವೀಪದ ಇಂಥ ಗೋಡೆಗಳಲ್ಲಿ ಕೆಲವಕ್ಕೆ 3,500 ವರ್ಷ ವಯಸ್ಸಾಗಿದೆ ಎಂದು 2019ರಲ್ಲಿ ಕಾಲಗಣನೆ ಮಾಡಿದರು. ಬೇಸಾಯ ಅರಿಯದ ಬೇಟೆಗಾರರು, ಅವರಿಗೆ ಹೆಚ್ಚು ನೆಲವೇಕೆ ಎಂಬ ತರ್ಕದ ಮೇಲೆ ಮೀಸಲು ಜಾಗಗಳನ್ನು ಅಂಗೈಯಗಲಕ್ಕೆ ಅಳೆದು ಕೊಟ್ಟವರಿಗೆ ಕಣ್ಣೆದುರಿನ ಬೇಸಾಯ ಕಾಣಲಿಲ್ಲ, ಏಕೆಂದರೆ ಅದು ನೀರೊಳಗಿತ್ತು.

ಅದೇ ನೀರಿನಲ್ಲಿ 1980ರ ದಶಕದಿಂದ ಬಲೆಪಂಜರದ ಸಾಲ್ಮನ್ ಮೀನು ಸಾಕಣೆ ಬಂತು. ಬ್ರಾಟನ್‌ನ ಹೊಳೆಗಳಿಗೆ ಮರಳಿದ ಗುಲಾಬಿ ಸಾಲ್ಮನ್ 2000ದಲ್ಲಿ ಸುಮಾರು 36 ಲಕ್ಷ ಇದ್ದದ್ದು, ಮುಂದಿನ ಸುತ್ತು 2002ರಲ್ಲಿ ಒಂದೂವರೆ ಲಕ್ಷಕ್ಕೂ ಕೆಳಗಿಳಿಯಿತು. ಪಂಜರಗಳಿಂದ ಹಬ್ಬುವ ಮೀನುಹೇನು ಕಡಲಿಗಿಳಿಯುವ ಮರಿಗಳನ್ನು ಕೊಲ್ಲುತ್ತಿದೆ ಎಂಬುದು ಒಂದು ವಾದ, ಕುಸಿತಕ್ಕೆ ಹಲವು ಕಾರಣಗಳಿವೆ ಎಂಬುದು ಉದ್ಯಮದ ವಾದ. ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಆದರೆ ಜನ 2017ರಲ್ಲಿ ಸಾಕಣೆ ಕೇಂದ್ರಗಳನ್ನು ಹತ್ತಿ ಕುಳಿತರು. 2018ರ ಡಿಸೆಂಬರ್‌ನಲ್ಲಿ ನಮ್‌ಗೀಸ್, ಕ್ವಿಕ್ವಸುತಿನುಕ್ ಹಕ್ವಮಿಸ್ ಮತ್ತು ಮಮಲಿಲಿಕುಲ ಜನರು ಪ್ರಾಂತ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ 17 ಕೇಂದ್ರಗಳ ಭವಿಷ್ಯ ಈ ಮೂರು ಜನಸಮುದಾಯಗಳ ಕೈಗೆ ಬಂತು. ಕೆಲವು ಕೂಡಲೇ ಮುಚ್ಚಿದವು, ಉಳಿದವು ಮುಂದುವರಿಯಲು ಇವರ ಒಪ್ಪಿಗೆ ಬೇಕಿತ್ತು. ಒಪ್ಪಿಗೆ ಬೇಕು ಎಂಬ ಈ ಎರಡು ಶಬ್ದ ಯಾವ ಮುಖವಾಡ ಮರಳಿದ್ದಕ್ಕಿಂತಲೂ ದೊಡ್ಡದೆಂದು ನನಗನ್ನಿಸುತ್ತದೆ. ಇಡೀ ಪ್ರಾಂತದಲ್ಲಿ ತೆರೆದ ಬಲೆಪಂಜರಗಳನ್ನು 2029ರ ಜೂನ್ ಅಂತ್ಯಕ್ಕೆ ನಿಲ್ಲಿಸುವುದಾಗಿ ಕೇಂದ್ರ ಸರ್ಕಾರ 2024ರಲ್ಲಿ ಹೇಳಿದೆ.

2021ರ ನವೆಂಬರ್‌ನಲ್ಲಿ ಮಮಲಿಲಿಕುಲರು ಇನ್ನೂ ಮುಂದೆ ಹೋದರು. ನೈಟ್ ಇನ್ಲೆಟ್‌ನ ಲಲ್ ಬೇ ಮತ್ತು ಹೋಯಾ ಸೌಂಡ್ ಪ್ರದೇಶವನ್ನು, ತಮ್ಮ ಮಾತಿನ ಗ್ವಕ್ಸ್‌ದ್ಲಾಲ–ನಲಕ್ಸ್‌ದ್ಲಾಲವನ್ನು, ತಾವೇ ಸಂರಕ್ಷಿತ ಪ್ರದೇಶವೆಂದು ಸಾರಿದರು. ಅರ್ಜಿ ಹಾಕಲಿಲ್ಲ, ಸಾರಿದರು, ಪೊಟ್ಲ್ಯಾಚ್‌ನಲ್ಲಿ ಹಕ್ಕು ಸಾರುವ ಹಾಗೆ. ಅಲ್ಲಿ ಕಡಲತಳ ಹೊಸ್ತಿಲಿನಂತೆ ಎದ್ದು ನಿಂತಿದೆ. ಉಬ್ಬರವಿಳಿತದ ನೀರು ಅದನ್ನು ಹಾಯುವ ರಭಸದಿಂದಾಗಿ, ಬೇರೆಡೆ ಕಗ್ಗತ್ತಲ ಆಳದಲ್ಲಿ ಬೆಳೆಯುವ ಮರದಾಕಾರದ ಕೆಂಪು ಹವಳ ಇಲ್ಲಿ ಮುಳುಗುಗಾರರು ತಲುಪುವ ಮಟ್ಟದಲ್ಲೇ ಬೆಳೆದಿದೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಮೀನುಗಾರಿಕಾ ಇಲಾಖೆ ಆ ನೀರಿನ ಭಾಗವನ್ನು ಸಾಗರ ಆಶ್ರಯತಾಣವೆಂದು ಗುರುತಿಸಿತು. ಕಡಲು ಕೇಂದ್ರದ್ದು, ಕಾಡು ಪ್ರಾಂತದ್ದು. ಹಾಗಾಗಿ ಒಂದೇ ಘೋಷಣೆಯ ಒಂದು ಕಾಲಿಗೆ ಮಾತ್ರ ಕಾನೂನಿನ ಪಾದರಕ್ಷೆ ಸಿಕ್ಕಿತು. ಮರ ಕಡಿದು ಕೆಟ್ಟ ತೊರೆಗಳು ಇರುವುದು ಇನ್ನೊಂದು ಕಾಲಿನ ಕಡೆ.

ಇದೆಲ್ಲ ಒಂದೇ ಸ್ವರದ ಹಾಡೆಂದು ತಿಳಿಯಬಾರದು. ಸಾಲ್ಮನ್ ಸಾಕಣೆಯ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡ ಕ್ವಕ್ವಕವಕ್ವ್ ಸಮುದಾಯಗಳೂ ಇವೆ. ಕೆಲಸ, ಆದಾಯ ಅಲ್ಲಿಂದ ಬರುತ್ತದೆ, ನಮ್ಮ ನೀರಿನಲ್ಲಿ ಏನಿರಬೇಕೆಂದು ಒಟ್ಟಾವಾ ಮತ್ತೊಮ್ಮೆ ಹೇಳುವುದು ಬೇಡ ಎನ್ನುತ್ತಾರೆ ಅವರು. ಪರಿಸರವಾದಿಗಳಿಗೆ ಕಿರಿಕಿರಿಯಾದರೂ ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಒಪ್ಪಿಗೆಯ ಹಕ್ಕಿನಲ್ಲಿ ಒಪ್ಪುವ ಹಕ್ಕೂ ಸೇರಿದೆ. ಊರಿಗೆ ಮರಳುವ ಬಗೆಯೂ ಎಲ್ಲರದೂ ಒಂದೇ ಅಲ್ಲ. ಕಲುಗ್ವಿಸ್ ಎಂಬ ದ್ವೀಪದೂರನ್ನು 1960ರ ದಶಕದಲ್ಲಿ ಬಿಟ್ಟು ಬಂದ ತ್ಲೊವಿಟ್ಸಿಸ್ ಜನ ಅದೇ ದ್ವೀಪಕ್ಕೆ ಹೋಗುವ ಹಟ ಹಿಡಿಯದೆ ಕ್ಯಾಂಪ್‌ಬೆಲ್ ರಿವರ್‌ನ ದಕ್ಷಿಣಕ್ಕೆ ನೆಲ ಕೊಂಡು ನೆನಗ್ವಸ್ ಎಂಬ ಹೊಸ ಊರು ಕಟ್ಟುತ್ತಿದ್ದಾರೆ. ಮನೆಗೆಂದು ಬರುವ ಜಾಗ ಎಂದು ಅದರರ್ಥವಂತೆ. ಆಸ್ಪತ್ರೆ, ಶಾಲೆ, ರಸ್ತೆಯಿಲ್ಲದ ದ್ವೀಪಕ್ಕೆ ಮಕ್ಕಳನ್ನು ಕರೆದೊಯ್ಯಿರಿ ಎಂದು ಯಾರಿಗೂ ಉಪದೇಶಿಸಲಾಗದು, ನಾವಂತೂ ಮಾಡಲಾರೆವು.

ಮಮಲಿಲಿಕುಲರ ಕಾವಲುದೋಣಿಗಳು ಈಗ ಕ್ಯಾಂಪ್‌ಬೆಲ್ ರಿವರ್ ಕಡೆಯಿಂದ ನೈಟ್ ಇನ್ಲೆಟ್‌ವರೆಗಿನ ನೀರಿನಲ್ಲಿ ಓಡಾಡುತ್ತವೆ. ಏಡಿಬುಟ್ಟಿ ಎಲ್ಲಿ ಬಿದ್ದಿದೆ, ಯಾವ ದೋಣಿ ಎಲ್ಲಿ ಲಂಗರು ಹಾಕಿದೆ, ಯಾವ ತೊರೆಗೆ ಎಷ್ಟು ಸಾಲ್ಮನ್ ಬಂತು, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಹುಟ್ಟುದೋಣಿ ಹೂಡಿಕೊಂಡು ಮಿಮ್‌ಕ್ವಮ್‌ಲಿಸ್‌ನ ಬಿದ್ದ ತೊಲೆಗಳ ಫೋಟೊ ತೆಗೆಯಲು ಬರುವವರುಂಟು. ದಡಕ್ಕೆ ಕಾಲಿಡುವ ಮುನ್ನ ಅವರು ಮಮಲಿಲಿಕುಲರ ಅನುಮತಿ ಪಡೆದಿರಬೇಕು.